ಕೆಂಪು ಹೊದಿಕೆಯ ನ್ಖೋಂಡೊ

ನ್ಖಾಟಾ ಬೇ
4 ಫೆಬ್ರವರಿ 2024

ತಮ್ಮಾ ಸುಜ್ಗೊ,

ಈ ಪೊಟ್ಟಣದಲ್ಲಿ ಒಣಗಿಸಿದ ಉಸಿಪಾ ಮೀನು ಇದೆ, ಮರಗೆಣಸಿನ ಹಿಟ್ಟು ಇದೆ, ಎಲ್ಲದರ ಮೇಲೆ ಈ ಕಾಗದ ಇದೆ. ಕಾಗದವಿಲ್ಲದ ಪೊಟ್ಟಣವನ್ನು ಡ್ರೈವರ್ ನ್ಯಿರೊಂಗೊ ಬಸ್ಸಿಗೆ ಹತ್ತಿಸುವುದಿಲ್ಲ. "ಗಡಿಯಲ್ಲಿ ಪೊಲೀಸ್ರು ಕೇಳ್ದಾಗ ಮೀನು ಮಾತಾಡತ್ತಾ? ಕಾಗದ ಮಾತಾಡ್ಬೇಕು" ಅನ್ನುತ್ತಾನೆ. ಅವನ ದೆಸೆಯಿಂದ ನಾವಿಬ್ಬರು ಈ ಕಾಲದಲ್ಲೂ ಕಾಗದ ಬರೆಯುವವರಾಗಿ ಉಳಿದಿದ್ದೇವೆ. ನನಗೇನೂ ಬೇಸರವಿಲ್ಲ. ಫೋನಿನಲ್ಲಾದರೆ ನೀನು ಅರ್ಧ ಕೇಳಿ "ಆಯ್ತಕ್ಕಾ, ಆಯ್ತಕ್ಕಾ" ಎಂದು ಇಟ್ಟುಬಿಡುತ್ತೀಯ.

ವಿಷಯ ಇಷ್ಟು. ನಮ್ಮ ಟಿವಿ ಆಟದ ಕೋಣೆಯ ನ್ಖೋಂಡೊ ಡಿಸ್ಕ್ ಹಾಳಾಯಿತು. ಕೆಂಪು ಹೊದಿಕೆಯದು, ಎಲ್ಲಕ್ಕಿಂತ ಮೊದಲು ಬಂದದ್ದು. ನೀನೂ ನಿನ್ನ ಭಾವ ಖುಂಬೊನೂ ಊಟ ಬಿಟ್ಟು ಹೊಡೆದಾಡುತ್ತಿದ್ದಿರಲ್ಲ, ಅದೇ. ಹೊದಿಕೆಯ ಮೇಲಿನ ಇಂಗ್ಲಿಷ್ ಹೆಸರು ಯಾರಿಗೆ ನೆನಪಿದೆ, ಅದನ್ನು ಸರೋವರದ ಈ ದಡದವರೆಲ್ಲ ನ್ಖೋಂಡೊ, ಯುದ್ಧ, ಎಂದೇ ಕರೆದು ಕರೆದು ನಿನಗೂ ಅದೇ ಹೆಸರು ಉಳಿದಿರಬೇಕು.

ಹಾಳಾದದ್ದು ಹೇಗೆಂದರೆ, ಡಿಸ್ಕ್ ನಡುನಡುವೆ ತಡವರಿಸುತ್ತಿತ್ತು. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ನಮ್ಮ ಮಾಮೂಲಿ ವೈದ್ಯ ಮಾಡೋಣ ಎಂದು ಖುಂಬೊ ಕೂತ. ನೀನು ಕಲಿಸಿದ ಹಾಗೆಯೇ ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗಲ್ಲ, ಬಹಳ ಅಚ್ಚುಕಟ್ಟಾಗಿ ಹಚ್ಚಿದ್ದಾನೆ. ಆದರೆ ಹಚ್ಚಿದ್ದು ಟೂತ್‌ಪೇಸ್ಟ್ ಅಲ್ಲ, ಸೈಕಲ್ ಪಂಕ್ಚರ್ ಹಾಕುವ ಅಂಟು. ಹಚ್ಚಿ, ಮೀನಿನ ಜೊತೆ ಬಿದಿರು ತಟ್ಟಿಯ ಮೇಲೆ ಬಿಸಿಲಿಗೆ ಇಟ್ಟ. ನಾನು ನೋಡುವ ಹೊತ್ತಿಗೆ ಅದು ಚರ್ಮ ಕಟ್ಟಿತ್ತು. ಸೀಮೆಎಣ್ಣೆ ಹಾಕಿ ಎಬ್ಬಿಸಲು ಹೋದೆ, ಆಟವೂ ಜೊತೆಗೇ ಎದ್ದು ಬಂತು.

ಅಂದಿನಿಂದ ಖುಂಬೊ ಆಟದ ಕೋಣೆಗೆ ಬಂದಿಲ್ಲ. ಗೋಡೆಗೆ ಮುಖ ಮಾಡಿ ಚಾಪೆಯ ಮೇಲೆ ಮಲಗುತ್ತಾನೆ. ಆ ಡಿಸ್ಕ್ ಬಂದರೆ ಮಾತ್ರ ಏಳುತ್ತಾನೆ. ನೀನು ಇರುವುದು ಹಳೇ ಆಟಗಳ ಅಂಗಡಿಯಲ್ಲಿ, ನಿನಗೆ ಇದೇನು ದೊಡ್ಡ ಕೆಲಸ! ಅದೇ ಬೇಕು, ಕೆಂಪು ಹೊದಿಕೆಯದೇ. ಬೇರೆ ಬೇಡ.

ನಿನ್ನ ಅಕ್ಕ,
ಮ್ವಿಜಾ


ಜೋಹಾನ್ಸ್‌ಬರ್ಗ್
23 ಫೆಬ್ರವರಿ 2024

ಅಕ್ಕಾ,

ಉಸಿಪಾ ತಲುಪಿತು. ಹುರಿಯಲು ಶುರುಮಾಡಿದ್ದೇ ತಡ, ಪಕ್ಕದ ಕೋಣೆಯ ಜಿಂಬಾಬ್ವೆಯವನು ಮೂಗು ಹಿಡಿದುಕೊಂಡು ಬಂದು ತಟ್ಟೆ ಹಿಡಿದುಕೊಂಡು ಕೂತ.

ನಿನ್ನ ಕಾಗದ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಪಂಕ್ಚರ್ ಅಂಟು! ಭಾವ ಅವತ್ತು ಎಷ್ಟು ಕುಡಿದಿದ್ದ? ಬಾಟಲಿಯ ಬಾಯಿ ಕಂಡವನಿಗೆ ಟ್ಯೂಬಿನ ಬಾಯಿ ಕಾಣಲಿಲ್ಲವೆ? ಅವನಿಗೆ ಹೇಳು, ಸುಜ್ಗೊ ಬಂದಾಗ ಅಂಟಿನಲ್ಲೇ ಹಲ್ಲು ಉಜ್ಜಿಸುತ್ತಾನಂತೆ ಎಂದು.

ಅಕ್ಕಾ, ಈಗ ಒಂದು ಮಾತು, ಕೋಪ ಮಾಡಿಕೊಳ್ಳಬೇಡ. ಡಿಸ್ಕ್ ಎಂಬ ವಸ್ತುವಿನ ಕಾಲ ಮುಗಿಯಿತು. ಇಲ್ಲಿ ಯಾರೂ ಕೊಳ್ಳುತ್ತಿಲ್ಲ. ದುಡ್ಡು ಕಟ್ಟಿದರೆ ಆಟ ಇಂಟರ್‌ನೆಟ್ಟಿನ ಆಕಾಶದಿಂದ ನೇರ ಟಿವಿ ಆಟದ ಡಬ್ಬಿಗೆ ಇಳಿಯುತ್ತದೆ. ಹೊಸ ಡಬ್ಬಿಗಳಿಗೆ ಡಿಸ್ಕ್ ನುಂಗುವ ಬಾಯಿಯೇ ಇಲ್ಲ. ಇದ್ದರೂ ಡಿಸ್ಕ್ ಮೇಲೆ ಇರುವುದು ಅರ್ಧ ಆಟ, ಉಳಿದದ್ದು ಮತ್ತೆ ಆಕಾಶದಿಂದಲೇ. ನಮ್ಮ ಅಂಗಡಿಯಲ್ಲಿ ಡಿಸ್ಕ್‌ಗಳ ಗೋಡೆಯನ್ನೇ ತೆಗೆದುಹಾಕಿದರು. ನೀನಿನ್ನೂ ಅದನ್ನು ಮದುವೆಯ ಹಿತ್ತಾಳೆ ಪಾತ್ರೆಯ ಹಾಗೆ ಒರೆಸಿ ಇಡುತ್ತಿದ್ದೀಯ.

ಆದರೂ ಬರಿಗೈಯಲ್ಲಿ ಕಳಿಸಬಾರದೆಂದು ಮೂರು ಡಿಸ್ಕ್ ಹಾಕಿದ್ದೇನೆ. ಎರಡು ಫುಟ್‌ಬಾಲ್, ಒಂದು ಕಾರು ಓಡಿಸುವುದು. ಕೆಂಪು ನ್ಖೋಂಡೊ ಸಿಗಲಿಲ್ಲ. ಹದಿಮೂರು ವರ್ಷದ ಹಳೇ ಆಟ ಅಕ್ಕಾ ಅದು. ಭಾವನಿಗೆ ಹೊಸದನ್ನು ಕಲಿಯಲು ಹೇಳು, ಅವನಿಗೆ ವಯಸ್ಸೇನೂ ಆಗಿಲ್ಲ.

ಸುಜ್ಗೊ


ನ್ಖಾಟಾ ಬೇ
12 ಮಾರ್ಚ್ 2024

ಸುಜ್ಗೊ,

ಮೂರು ಡಿಸ್ಕ್ ಬಂತು. ಉಪಕಾರವಾಯಿತು. ಫುಟ್‌ಬಾಲ್ ಆಡಲು ದೋಣಿಯವರೆಲ್ಲ ಸಾಲು ನಿಂತಿದ್ದಾರೆ.

ನಿನ್ನ ಆಕಾಶದ ವಿಚಾರಕ್ಕೆ ಬರುತ್ತೇನೆ. ಒಂದು ಆಟ ಇಳಿಸಿಕೊಳ್ಳುವಷ್ಟು ಇಂಟರ್‌ನೆಟ್ ಕೊಳ್ಳುವ ಬದಲು ಈ ಕೋಣೆಗೆ ಹೊಸ ತಗಡು ಹೊದಿಸಬಹುದು. ಅರ್ಧ ಇಳಿಯುವ ಹೊತ್ತಿಗೆ ಕರೆಂಟ್ ಹೋಗುತ್ತದೆ, ಕರೆಂಟ್ ಬರುವಾಗ ಕೊಂಡದ್ದರ ಅವಧಿ ಮುಗಿದಿರುತ್ತದೆ. ಅದು ಹಾಗಿರಲಿ. ನೀನು ಕಳಿಸಿದ ಕಾರಿನ ಆಟದ ಡಿಸ್ಕನ್ನು ನಿನ್ನೆ ಚಿಂಥೆಚೆಯ ಮನ್ಡಾನ ಆಟದ ಕೋಣೆಗೆ ಕೊಟ್ಟು, ಅವನ ಹತ್ತಿರವಿದ್ದ ಕುದುರೆ ಆಟ ತಂದೆ. ಮುಂದಿನ ತಿಂಗಳು ಅದು ಹಡಗಿನ ಅಡುಗೆಯವನ ಜೊತೆ ಲಿಕೋಮಾ ದ್ವೀಪಕ್ಕೆ ಹೋಗುತ್ತದೆ, ಅಲ್ಲಿಂದ ಇನ್ನೊಂದು ಬರುತ್ತದೆ. ಹೀಗೆ ಒಂದು ಡಿಸ್ಕ್ ಕೊಂಡರೆ ಸರೋವರದ ಈ ಮಗ್ಗುಲಿನವರೆಲ್ಲ ಆಡುತ್ತಾರೆ. ನಿನ್ನ ಆಕಾಶವನ್ನು ನಾನು ಯಾರಿಗೆ ಎರವಲು ಕೊಡಲಿ?

ಇದೆಲ್ಲ ಜಗಳದ ಮಾತು. ಜಗಳ ಆಡುವ ಮನಸ್ಸೂ ಈಗ ಇಲ್ಲ.

ಖುಂಬೊ ಎದ್ದಿಲ್ಲ. ಅವನು ಕುಡಿದಿರಲಿಲ್ಲ. ಹೊಸದನ್ನು ಕಲಿ ಎಂಬ ನಿನ್ನ ಮಾತನ್ನು ಅವನಿಗೆ ಓದಿ ಹೇಳಲಿಲ್ಲ. ಮರಗೆಣಸಿನ ಮುದ್ದೆಯನ್ನು ಅವನ ಮುಂದೆ ಇಟ್ಟರೆ ಎರಡು ತುತ್ತು ತಿಂದು "ಸಾಕು ಮ್ವಿಜಾ, ಎತ್ತು" ಅನ್ನುತ್ತಾನೆ. ಹಡಗಿನವರು ಬಂದು ಕರೆದರು. ಎಂಜಿನ್ ಕೋಣೆಯ ಸಂಗ್ವಾನಿ ಬಾಗಿಲಲ್ಲೇ ನಿಂತು, "ಏಯ್ ಚಾಂಪಿಯನ್, ಹೆಂಡ್ತಿ ಸೆರಗಲ್ಲಿ ಅಡಗ್ಕೊಂಡಿದೀಯಾ? ಬಾ ಹೊರಗೆ, ನಿನ್ನ ಮೂಗು ಮುರೀತೀನಿ" ಎಂದು ಕೂಗಿದ. ಮೊದಲಾಗಿದ್ದರೆ ಖುಂಬೊ ಅವನ ಏಳು ತಲೆಮಾರು ಜಾಲಾಡುತ್ತಿದ್ದ. ಈಗ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡ.

ಹುಡುಕು ಸುಜ್ಗೊ. ನಿನ್ನ ಅಂಗಡಿಯಲ್ಲಿ ಇಲ್ಲದಿದ್ದರೆ ಬೇರೆ ಅಂಗಡಿಯಲ್ಲಿ ಹುಡುಕು. ನಾನು ಯಾವತ್ತೂ ನಿನ್ನನ್ನು ಎರಡು ಸಲ ಕೇಳಿದವಳಲ್ಲ.

ಮ್ವಿಜಾ


ಜೋಹಾನ್ಸ್‌ಬರ್ಗ್
3 ಏಪ್ರಿಲ್ 2024

ಅಕ್ಕಾ,

ಕೂತುಕೋ. ಕೂತೆಯಾ? ಈಗ ದೊಡ್ಡ ಪೆಟ್ಟಿಗೆ ತೆರೆ.

ಹೊಚ್ಚ ಹೊಸ ಡಬ್ಬಿ! ಡಿಸ್ಕ್ ಹಾಕುವ ಬಾಯಿ ಎಲ್ಲಿ ಎಂದು ತಿರುಗಿಸಿ ನೋಡಬೇಡ, ಇಲ್ಲ. ಇಪ್ಪತ್ತೆರಡು ಆಟಗಳನ್ನು ನಾನೇ ಇಲ್ಲಿಂದ ತುಂಬಿಸಿ ಕಳಿಸಿದ್ದೇನೆ. ಅದರಲ್ಲಿ ನ್ಖೋಂಡೊ ಕೂಡ ಇದೆ, ಹೊಸದಾಗಿ ತಿದ್ದಿ ತೀಡಿ ಹೊರತಂದದ್ದು. ಹೊಡೆದಾಡುವ ಅದೇ ಅಜ್ಜಿ, ಅದೇ ಕಮ್ಮಾರ, ಅದೇ ಕಟುಕ, ಎಲ್ಲರೂ ಇದ್ದಾರೆ. ಈಗ ಅವರ ಮೈಮೇಲಿನ ಬೆವರಿನ ಹನಿಯೂ ಕಾಣುತ್ತದೆ. ಹಳೆಯದರಲ್ಲಿ ಬರೀ ಟಿಂಯ್ ಟಿಂಯ್ ಇತ್ತಲ್ಲ, ಈಗ ನೂರು ಜನ ವಾದ್ಯ ಬಾರಿಸುವ ಸಂಗೀತ. ಒಮ್ಮೆ ನೋಡಿದರೆ ಭಾವ ಕೆಂಪು ಡಿಸ್ಕಿನ ಹೆಸರನ್ನೇ ಎತ್ತುವುದಿಲ್ಲ.

ಇದನ್ನು ಹೇಗೆ ಹೊಂದಿಸಿದೆ ಎಂದು ಕೇಳಬೇಡ. ಅಂಗಡಿಯಲ್ಲಿ ನನಗೆ ಒಳ್ಳೆಯ ಹೆಸರಿದೆ ಎಂದಷ್ಟೇ ತಿಳಿದುಕೋ.

ಒಂದು ಮಾತು ಮನಸ್ಸಿನಲ್ಲಿ ಕುಟುಕುತ್ತಿದೆ, ಹೇಳಿಬಿಡುತ್ತೇನೆ. ಮೂರು ತಿಂಗಳಾಯಿತು, ಭಾವ ನನಗೆ ಒಂದು ಸಾಲು ಬರೆದಿಲ್ಲ. ಮೊದಲು ನಿನ್ನ ಕಾಗದದ ಅಂಚಿನಲ್ಲಿ ಏನಾದರೊಂದು ಬೈಗುಳ ಗೀಚುತ್ತಿದ್ದ. "ಸೋಲುಬುರುಕ" ಎಂದಾದರೂ ಬರೆಯುತ್ತಿದ್ದ. ನನ್ನ ಮೇಲೆ ಯಾವ ಮುನಿಸೋ ಗೊತ್ತಿಲ್ಲ. ನನಗೆ ಆಟ ಕಲಿಸಿದವನು, ದೋಣಿ ನಡೆಸಲು ಕಲಿಸಿದವನು, ಅಪ್ಪ ಸತ್ತ ಮೇಲೆ ಹೆಗಲು ಕೊಟ್ಟವನು ಅವನು. ಮುನಿಸಿದ್ದರೆ ಬಾಯಿಬಿಟ್ಟು ಹೇಳಲಿ.

ಸುಜ್ಗೊ


ನ್ಖಾಟಾ ಬೇ
22 ಏಪ್ರಿಲ್ 2024

ನನ್ನ ತಮ್ಮಾ,

ನಿನ್ನ ಡಬ್ಬಿ ಬಂದ ದಿನ ಮೀನುಮಾರುಕಟ್ಟೆಯೇ ಖಾಲಿಯಾಯಿತು. ಅಷ್ಟು ಜನ ನಮ್ಮ ಕೋಣೆಯಲ್ಲಿ. ಟಿವಿಯಲ್ಲಿ ಕಮ್ಮಾರನ ಮೈ ಬೆವರಿದ್ದನ್ನು ನೋಡಿ ಮುದುಕಿ ನ್ಯಾಮಾಂಡ "ಅಯ್ಯೋ, ಯಾರಾದ್ರೂ ಆ ಹುಡ್ಗನಿಗೆ ನೀರು ಕೊಡ್ರೋ" ಎಂದಳು. ಅಷ್ಟು ಚೆಂದವಿತ್ತು. ನಿನ್ನ ಕೈಗೆ ಒಳ್ಳೆಯದಾಗಲಿ.

ಸದ್ದು ಕೇಳಿ ಖುಂಬೊ ಎದ್ದು ಬಂದ. ಅಷ್ಟು ದಿನಗಳ ಮೇಲೆ ಅವನೇ ಎದ್ದು, ಗೋಡೆ ಹಿಡಿದುಕೊಂಡು ಬಂದ. ಜನ ಜಾಗ ಬಿಟ್ಟರು. ಸಂಗ್ವಾನಿ ಎದುರಾಳಿಯಾಗಿ ಕೂತ. ಆಟ ಶುರುವಾಯಿತು. ಖುಂಬೊ ತಲೆ ಓರೆ ಮಾಡಿದ, ಆಚೆಗೆ, ಈಚೆಗೆ. ಅವನ ಕಮ್ಮಾರ ಬಯಲಿನ ಮೂಲೆಗೆ ಹೋಗಿ ಗೋಡೆಗೆ ಸುತ್ತಿಗೆ ಬೀಸತೊಡಗಿದ. ಸಂಗ್ವಾನಿಯ ಅಜ್ಜಿ ಹಿಂದಿನಿಂದ ಬಂದು ಕೋಲಿನಲ್ಲಿ ಬಾರಿಸಿದಳು. ಜನ ಮೊದಲು ನಕ್ಕರು. ಎರಡನೇ ಸಲವೂ ಹಾಗೆಯೇ ಆದಾಗ ಯಾರೂ ನಗಲಿಲ್ಲ. ಖುಂಬೊ ಕೈಯಲ್ಲಿದ್ದ ಆಟದ ಹಿಡಿಕೆಯನ್ನು ಮೆಲ್ಲಗೆ ನೆಲಕ್ಕಿಟ್ಟು, "ಇವ್ರು ಯಾರೂ ನಂಗೆ ಗೊತ್ತಿಲ್ಲ ಮ್ವಿಜಾ. ಮನೆಗೆ ಕರ್ಕೊಂಡ್ ಹೋಗು" ಎಂದ.

ಇನ್ನು ಮುಚ್ಚಿಡಲಾರೆ. ಖುಂಬೊನ ಕಣ್ಣು ಹೋಗಿದೆ ಸುಜ್ಗೊ.

ಎರಡು ವರ್ಷದಿಂದ ಹೋಗುತ್ತಾ ಬಂತು, ಮೊದಲು ಅಂಚು, ಆಮೇಲೆ ನಡು. ಮ್ಜುಜುವಿನ ಡಾಕ್ಟರು, ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸತ್ತಿದೆ, ಹೋದದ್ದು ಬರುವುದಿಲ್ಲ ಎಂದರು. ಕಳೆದ ಕ್ರಿಸ್‌ಮಸ್ ಹೊತ್ತಿಗೆ ಪೂರ್ತಿ ಕತ್ತಲೆ. ನಿನಗೆ ಹೇಳುತ್ತೇನೆ ಎಂದಾಗೆಲ್ಲ ನನ್ನ ಕೈ ಹಿಡಿದು ತಡೆದ. "ಸುಜ್ಗೊಗೆ ಹೇಳ್ಬೇಡ. ಅವನೊಬ್ನ ಮನಸ್ಸಲ್ಲಾದ್ರೂ ನಾನು ಕಣ್ಣಿರೋನಾಗೇ ಇರ್ತೀನಿ" ಎಂದ. ಅದಕ್ಕೆ ಅವನು ಬರೆಯಲಿಲ್ಲ. ಅದಕ್ಕೇ ಅಂಟು. ನಿನ್ನ ನಗೆಯ ಕಾಗದ ಬಂದಾಗ ನಾನು ಅಡುಗೆಮನೆಗೆ ಹೋಗಿ ಓದಿ ಒಲೆಗೆ ಹಾಕಿದೆ.

ನಿನಗೆ ಈಗ ಒಂದು ಪ್ರಶ್ನೆ ಹುಟ್ಟಿರುತ್ತದೆ. ಕಣ್ಣಿಲ್ಲದವನಿಗೆ ಡಿಸ್ಕ್ ಯಾಕೆ? ಅದನ್ನು ಹೇಗೆ ಹೇಳಲಿ, ನಾನೇ ಕಣ್ಣಾರೆ ನೋಡಿಯೂ ಪೂರ್ತಿ ನಂಬಲಾರದೆ ಇದ್ದೇನೆ. ಕಣ್ಣು ಮಂಜಾಗುತ್ತಾ ಹೋದ ಹಾಗೆ ಅವನು ಕೆಂಪು ನ್ಖೋಂಡೊವನ್ನು ಕಿವಿಗೆ ವರ್ಗಾಯಿಸಿಕೊಂಡ. ಅಜ್ಜಿ ನಡೆದರೆ ಬಳೆ. ಕಮ್ಮಾರನ ಸರಪಳಿ ಎಡಗಾಲಿಗೆ ಮಾತ್ರ. ಕಟುಕ ಹೊಡೆಯುವ ಮುಂಚೆ ಮೂಗಿನಲ್ಲಿ ಉಸಿರೆಳೆಯುತ್ತಾನೆ, ಅದೂ ಹೊಡೆತ ಮೇಲಿನಿಂದ ಬರುವಾಗ ಉದ್ದ, ಕೆಳಗಿನಿಂದ ಬರುವಾಗ ಮೊಟಕು. ಎಡ ಸ್ಪೀಕರಿನಲ್ಲಿ ಕೇಳಿದರೆ ಎಡಕ್ಕೆ, ಎರಡರಲ್ಲೂ ಕೇಳಿದರೆ ಎದುರಿಗೆ. ಜನವರಿಯಲ್ಲಿ ಅವನು ಟಿವಿಗೆ ಬೆನ್ನು ಹಾಕಿ ಕೂತು ಹಡಗಿನ ಇಡೀ ಸಿಬ್ಬಂದಿಯನ್ನು ಒಬ್ಬೊಬ್ಬರನ್ನಾಗಿ ಮಲಗಿಸಿದ. ಶೋಕಿ ಮಾಡುತ್ತಿದ್ದಾನೆ ಎಂದುಕೊಂಡು ಅವರು ಚಪ್ಪಾಳೆ ತಟ್ಟಿದರು. ನನಗೆ ಒಬ್ಬಳಿಗೇ ಗೊತ್ತಿತ್ತು. ನಾನು ಬಾಗಿಲ ಹತ್ತಿರ ಕೈಯಲ್ಲಿ ಮೀನಿನ ಬುಟ್ಟಿ ಹಿಡಿದುಕೊಂಡು, ಅದನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದೆ. ನನ್ನ ಮೈಯೆಲ್ಲ ಜುಮ್ಮೆಂದಿತು. ಚರ್ಚಿನಲ್ಲಿ ಕೂಡ ನನಗೆ ಯಾವತ್ತೂ ಹಾಗೆ ಆಗಿಲ್ಲ.

ಹೊಸ ನ್ಖೋಂಡೊದಲ್ಲಿ ಆ ಯಾವ ಸದ್ದೂ ಇಲ್ಲ. ಬಳೆ ತೆಗೆದಿದ್ದಾರೆ. ಎಲ್ಲರಿಗೂ ಒಂದೇ ಧಬ್ ಧಬ್ ಹೆಜ್ಜೆ. ಅದರ ಮೇಲೆ ನಿನ್ನ ನೂರು ಜನರ ಸಂಗೀತ. ಆಕಾಶದಲ್ಲಿರುವ ಆಟವನ್ನು ಯಾರೋ ಎಲ್ಲೋ ಕೂತು ಬದಲಾಯಿಸಿಬಿಡಬಹುದು. ಡಿಸ್ಕಿನ ಮೇಲೆ ಇದ್ದದ್ದನ್ನು ಯಾರೂ ಮುಟ್ಟಲಾರರು, ನಮ್ಮಂಥವರ ಅಂಟಿನ ಹೊರತು.

ಖುಂಬೊ ನಡೆಯುವಾಗ ಮನೆಯಲ್ಲಿ ತಡವುತ್ತಾನೆ, ಬೀದಿಯಲ್ಲಿ ಎಡವುತ್ತಾನೆ. ಅವನು ಓಡುತ್ತಿದ್ದದ್ದು ಅದೊಂದು ಜಾಗದಲ್ಲಿ. ಅದೇ ಹೋಯಿತು.

ಮ್ವಿಜಾ


ಜೋಹಾನ್ಸ್‌ಬರ್ಗ್
7 ಮೇ 2024

ಅಕ್ಕಾ,

ಓದಿದೆ. ಮತ್ತೆ ಓದಿದೆ. ಬಾಟಲಿಯ ಬಾಯಿ, ಟ್ಯೂಬಿನ ಬಾಯಿ ಎಂದು ಬರೆದ ಕೈಯನ್ನು ಏನು ಮಾಡಲಿ ಹೇಳು.

ನನ್ನದೂ ಒಂದಿದೆ. ಅಂಗಡಿ ಇಲ್ಲ ಅಕ್ಕಾ. ಡಿಸೆಂಬರಿನಲ್ಲೇ ಮುಚ್ಚಿತು. ಕೊಳ್ಳುವವರೇ ಇರಲಿಲ್ಲ. ಈಗ ನಾನೊಂದು ಬಹುಮಹಡಿ ಮನೆಯ ಗೇಟು ಕಾಯುತ್ತೇನೆ. ಡಿಸ್ಕಿನ ಕಾಲ ಮುಗಿಯಿತು ಎಂದು ಜೋರಾಗಿ ಬರೆದೆನಲ್ಲ, ಅದು ಕೆಲಸ ಹೋದವನ ಹೊಟ್ಟೆಯುರಿ. ಕೊನೆಯ ಸಂಬಳದ ಬದಲು ಮಾಲೀಕರು ಒಂದು ಹೊಸ ಡಬ್ಬಿಯನ್ನೂ ಮೂಟೆಗಟ್ಟಲೆ ಹಳೇ ಡಿಸ್ಕನ್ನೂ ಕೊಟ್ಟರು. ಡಬ್ಬಿ ನಿಮಗೆ ಬಂತು. ಹೊದಿಕೆಗಳನ್ನು ಕಿತ್ತು ರದ್ದಿಗೆ ಹಾಕಿದೆ. ನಿಮಗೆ ಕಳಿಸಿದ ಮೂರನ್ನು ಬಿಟ್ಟು ಮಿಕ್ಕ ಬರಿಯ ಡಿಸ್ಕ್‌ಗಳನ್ನು ಜನವರಿಯಲ್ಲಿ ಗೋಗೊ ಮಾಮ್ಚುನುಗೆ ಕೊಟ್ಟೆ. ವಿದ್ಯುತ್ ಗೋಪುರಗಳ ಕೆಳಗಿನ ಖಾಲಿ ಜಾಗದಲ್ಲಿ ಸೊಪ್ಪು ಬೆಳೆಯುವ ಮುದುಕಿ, ಎಲ್ಲರಿಗೂ ಗೋಗೊ, ಅಜ್ಜಿ. ಹಕ್ಕಿ ಓಡಿಸಲು ದಾರಕ್ಕೆ ಕಟ್ಟುತ್ತೇನೆ ಎಂದಿದ್ದಳು.

ಕೆಂಪು ಹೊದಿಕೆಯ ನ್ಖೋಂಡೊ ಆ ಮೂಟೆಯಲ್ಲಿತ್ತು. ನನ್ನ ಕೈಯಾರೆ ಕಿತ್ತಿದ್ದೆ. ನೀನು ಕೇಳಿದಾಗ ನೆನಪಾಗಿತ್ತು. ಹಳೇ ಆಟಕ್ಕಾಗಿ ಮುದುಕಿಯ ತೋಟಕ್ಕೆ ಹೋಗಿ ತಡಕಾಡುವುದು ಯಾರು ಎಂದು ಸುಮ್ಮನಾದೆ.

ಭಾನುವಾರ ರಜೆ ಇದೆ, ಹೋಗುತ್ತೇನೆ. ಭಾವನಿಗೆ ಈಗಲೇ ಏನೂ ಹೇಳಬೇಡ.

ಸುಜ್ಗೊ


ನ್ಖಾಟಾ ಬೇ
11 ಮೇ 2024

ಸುಜ್ಗೊ,

ನಿನ್ನಿಂದ ಉತ್ತರ ಬಂದಿಲ್ಲ. ನನ್ನ ಕಾಗದ ತಲುಪಿತೋ ಇಲ್ಲವೋ. ನ್ಯಿರೊಂಗೊನ ಬಸ್ಸು ಟೆಟೆಯ ಹತ್ತಿರ ಕೆಟ್ಟು ನಿಂತಿದೆಯಂತೆ, ಇದನ್ನು ಬೇರೆ ಬಸ್ಸಿನವನ ಕೈಗೆ ಕೊಡುತ್ತಿದ್ದೇನೆ.

ಡಿಸ್ಕ್ ಹುಡುಕುವುದನ್ನು ಬಿಡು. ಆಟದ ಕೋಣೆಯನ್ನು ಬಾಡಿಗೆಗೆ ಕೊಟ್ಟುಬಿಡು ಎಂದು ಖುಂಬೊ ಹೇಳಿದ್ದಾನೆ. ತಲೆಕೂದಲು ಹೆಣೆಯುವ ಅಂಗಡಿ ಇಡುತ್ತೇನೆಂದು ಮ್ಜುಜುವಿನವಳೊಬ್ಬಳು ಬಂದಿದ್ದಾಳೆ. ನಿನ್ನ ಡಬ್ಬಿಯೂ ಈಗ ನಡೆಯುತ್ತಿಲ್ಲ. ಇಂಟರ್‌ನೆಟ್ಟಿಗೆ ಜೋಡಿಸಿ ನೀನು ನೀನೇ ಎಂದು ಸಾಬೀತು ಮಾಡು ಎನ್ನುತ್ತದೆ, ಇಪ್ಪತ್ತೆರಡು ಆಟಗಳಿಗೂ ಬೀಗ ಹಾಕಿ ಕೂತಿದೆ.

"ದಿನಾ ಬೇರೆಯವ್ರ ಆಟದ ಸದ್ದು ಕೇಳಿ ನಾನಿಲ್ಲಿ ಮಲ್ಗಿರೋಕಾಗಲ್ಲ, ಮ್ವಿಜಾ" ಎಂದ. ನಾನು ಕೂದಲಿನವಳಿಗೆ ಹೂಂ ಎಂದುಬಿಟ್ಟೆ. ಜೂನ್ ಮೊದಲ ವಾರ ಅವಳಿಗೆ ಬೀಗದ ಕೈ ಕೊಡಬೇಕು.

ಮ್ವಿಜಾ


ಜೋಹಾನ್ಸ್‌ಬರ್ಗ್
13 ಮೇ 2024

ಅಕ್ಕಾ,

ನಿನ್ನೆ ತೋಟಕ್ಕೆ ಹೋದೆ.

ಇಲ್ಲಿ ಚಳಿಗಾಲ ಶುರುವಾಗಿದೆ, ಬಿಸಿಲು ತಿಳಿ. ರಸ್ತೆ ತಿರುಗಿದೆ, ಅಷ್ಟೆ, ಅಲ್ಲೇ ನಿಂತುಬಿಟ್ಟೆ. ನಾನು ಮೂಟೆ ಕಟ್ಟಿ ಕೊಟ್ಟ ಅಷ್ಟೂ ಡಿಸ್ಕ್‌ಗಳು ಒಂದು ಗೋಪುರದ ಬುಡದಿಂದ ಇನ್ನೊಂದರ ಬುಡದವರೆಗೆ, ಸಾಲುಸಾಲಾಗಿ ದಾರದಲ್ಲಿ ತಿರುಗುತ್ತಿದ್ದವು. ಗಾಳಿ ಬಂದಾಗ ಪಾಲಕ್ ಪಾತಿಗಳ ಮೇಲೆ, ಮುದುಕಿಯ ಮುಖದ ಮೇಲೆ, ಗೋಪುರದ ಕಬ್ಬಿಣದ ಮೇಲೆ ಬೆಳಕಿನ ಬಿಲ್ಲೆಗಳು ಓಡುತ್ತಿದ್ದವು, ಕಾಮನಬಿಲ್ಲಿನ ಬಣ್ಣದವು. ಅಂಗಡಿಯಲ್ಲಿ ಅಷ್ಟು ವರ್ಷ ಅವುಗಳ ಧೂಳು ಒರೆಸಿದೆ ಅಕ್ಕಾ. ಒಂದೊಂದರಲ್ಲೂ ಒಂದೊಂದು ಊರು, ಬೆಟ್ಟ, ಸಮುದ್ರ, ಎಷ್ಟೋ ಜನ ವರ್ಷಗಟ್ಟಲೆ ಕೂತು ಮಾಡಿದ್ದು. ಅಷ್ಟೂ ಲೋಕಗಳು ಸೊಪ್ಪು ಕಾಯುತ್ತಿದ್ದವು. ನನಗೆ ಏನನ್ನಿಸಿತೆಂದು ಸರಿಯಾಗಿ ಹೇಳಲಾರೆ. ಟೋಪಿ ತೆಗೆದೆ.

ಗೋಗೊ ಸೊಂಟದ ಮೇಲೆ ಕೈಯಿಟ್ಟು ಬಂದಳು. "ಏನೋ, ದಾನ ಕೊಟ್ಟಿದ್ದು ವಾಪಸ್ ಕೇಳೋಕ್ ಬಂದ್ಯಾ?"

"ಒಂದೇ ಒಂದು ಸಾಕು ಗೋಗೊ."

"ಒಂದು ತೆಗೆದ್ರೆ ಅಲ್ಲಿ ಕಿಂಡಿ ಆಗತ್ತೆ. ಹಕ್ಕಿಗಳು ಪೆದ್ದು ಅಂದ್ಕೊಂಡ್ಯಾ? ನಿನಗಿಂತ ಚುರುಕು. ಅದರ ಜಾಗಕ್ಕೆ ಏನ್ ಕಟ್ತೀಯ?"

ಕಾವಲುಗಾರನ ಸಮವಸ್ತ್ರದ ಮೇಲಿನ ಹೊಳೆಯುವ ಬಿಲ್ಲೆಯನ್ನು ಬಿಚ್ಚಿ ಕೊಟ್ಟೆ. ಕಚ್ಚಿ ನೋಡಿ, "ಪರವಾಗಿಲ್ಲ" ಎಂದಳು. ಇವತ್ತು ಕೆಲಸದಲ್ಲಿ ಅದಕ್ಕೆ ಬೈಗುಳ ಬಿತ್ತು, ಬೀಳಲಿ.

ಆಮೇಲೆ ಹುಡುಕಾಟ. ಬಿಸಿಲಿಗೆ ಬಹಳಷ್ಟರ ಚಿತ್ರ ಮಾಸಿ ಬಿಳಿಚಿದ್ದವು. ಒಂದೊಂದನ್ನೂ ಹಿಡಿದು, ಉಗುಳು ಹಚ್ಚಿ ಒರೆಸಿ, ಓದಿ ಬಿಡುತ್ತಾ ಹೋದೆ. ಗೋಗೊ ಮೊದಲು ಬೈದಳು, ಆಮೇಲೆ ಟೀ ಕೊಟ್ಟಳು, ಆಮೇಲೆ ತಾನೂ ಆಚೆ ತುದಿಯಿಂದ ಹುಡುಕತೊಡಗಿದಳು. ಅವಳಿಗೆ ಓದಲು ಬರುವುದಿಲ್ಲ, "ಕೆಂಪು ಬಣ್ಣದ್ದು ತಾನೇ?" ಎಂದು ಕೇಳಿಕೊಂಡಳು. ಸಂಜೆಯ ಹೊತ್ತಿಗೆ ಬೀಟ್‌ರೂಟ್ ಪಾತಿಯ ಕಡೆಯಿಂದ ಕೂಗಿದಳು. ಹೊದಿಕೆಯ ಹಾಗೆಯೇ ಡಿಸ್ಕಿನ ಮೇಲೂ ಇದ್ದ ಕೆಂಪು ತಿಳಿಗುಲಾಬಿಯಾಗಿದೆ. ಹೆಸರಿನ ಅರ್ಧ ಹೋಗಿದೆ. ಆದರೂ ಅದೇ.

"ಅಷ್ಟಕ್ಕೂ ಅದರೊಳಗೇನಿದೆ?" ಎಂದು ಕೇಳಿದಳು.

"ನಮ್ಮ ಭಾವ ಇದಾನೆ ಗೋಗೊ" ಎಂದೆ. ಅವಳು ಸೆರಗಿನಿಂದ ಡಿಸ್ಕ್ ಒರೆಸಿ ಕೊಟ್ಟಳು.

ಗೀರುಗಳಿವೆ ಅಕ್ಕಾ, ಸುಳ್ಳು ಹೇಳುವುದಿಲ್ಲ. ಹಳೇ ಅಂಗಡಿಯ ಗೆಳೆಯನ ಹತ್ತಿರ ಮೆರುಗು ಕೊಡುವ ಯಂತ್ರವಿದೆ, ಉಜ್ಜಿಸಿದ್ದೇನೆ. ಓಡಿಸಿ ನೋಡಲು ನನ್ನ ಬಳಿ ಹಳೇ ಡಬ್ಬಿಯಿಲ್ಲ. ಓಡುತ್ತದೋ ಇಲ್ಲವೋ ಅಲ್ಲೇ ತಿಳಿಯಬೇಕು.

ಸುಜ್ಗೊ


ನ್ಖಾಟಾ ಬೇ
9 ಜೂನ್ 2024

ನನ್ನ ಮುದ್ದು ಪೆದ್ದ ತಮ್ಮಾ,

ನಿನ್ನ ಎರಡು ಕಾಗದವೂ ಒಟ್ಟಿಗೆ ಬಂದವು. ಅಂಗಡಿ ಮುಚ್ಚಿದ್ದನ್ನು ಬಚ್ಚಿಟ್ಟುಕೊಂಡು, ಸಂಬಳವನ್ನೇ ನಮಗೆ ಪೆಟ್ಟಿಗೆ ಮಾಡಿ ಕಳಿಸಿದೆಯಲ್ಲ, ನಿನ್ನ ಕಿವಿ ಹಿಂಡಲು ನನ್ನ ಕೈ ಅಷ್ಟು ಉದ್ದವಿಲ್ಲ. ಗೇಟು ಕಾಯುವುದರಲ್ಲಿ ನಾಚಿಕೆ ಏನಿದೆ? ಊರಿಗೆ ಬರಬೇಕೆನಿಸಿದರೆ ಬಾ. ಅಲ್ಲೇ ಇರುತ್ತೇನೆಂದರೆ ಇರು, ಆದರೆ ನನಗೆ ನಿಜ ಬರೆ.

ಪೊಟ್ಟಣ ಬಂದದ್ದು ಕೂದಲಿನವಳಿಗೆ ಬೀಗದ ಕೈ ಕೊಡಬೇಕಾದ ದಿನವೇ. ಅವಳು ಕನ್ನಡಿ ಎಲ್ಲಿ ಹಾಕುವುದೆಂದು ಗೋಡೆ ಅಳೆಯುತ್ತಿದ್ದಳು. ನಾನು ಡಿಸ್ಕನ್ನು ಖುಂಬೊನ ಕೈಯಲ್ಲಿಟ್ಟೆ. ತೋಟದ ಕಥೆಯನ್ನು ಓದಿ ಹೇಳಿದೆ. ಅವನು ಅಂಚಿನ ಮೇಲೆ ಬೆರಳು ಓಡಿಸಿದ, ಮೂಸಿ ನೋಡಿದ. "ಮಣ್ಣಿನ ವಾಸ್ನೆ ಇದೆ" ಎಂದ. ಹಳೇ ಡಬ್ಬಿಯ ಹತ್ತಿರ ತಾನೇ ಹೋಗಿ ಕೂತ.

ಡಬ್ಬಿ ನುಂಗಿತು. ಗುರ್ ಎಂದಿತು, ನಿಂತಿತು, ಮತ್ತೆ ಗುರ್ ಎಂದಿತು. ನಾನು ದೇವರನ್ನು ಕರೆದೆ. ಸಂಗ್ವಾನಿ ಕೂಡ ಟೋಪಿಯನ್ನು ಹಿಂಡುತ್ತಾ ನಿಂತಿದ್ದ. ಆಮೇಲೆ ಆ ಹಳೇ ಟಿಂಯ್ ಟಿಂಯ್ ಬಂತು. ಖುಂಬೊ ಹಿಡಿಕೆಯನ್ನು ಕೈಗೆತ್ತಿಕೊಂಡ. ಅಜ್ಜಿಯ ಬಳೆ ಸದ್ದಾಗುತ್ತಲೇ ಅವನ ಕಣ್ಣಿನಿಂದ ನೀರು ಇಳಿಯಿತು. "ಬಂದ್ಯಾ ಮುದ್ಕಿ" ಎಂದ. ಸೇತುವೆಯ ಮೇಲಿನ ಕಾಳಗ ಬಂದರೆ ಡಿಸ್ಕ್ ಸಿಕ್ಕಿಹಾಕಿಕೊಳ್ಳುತ್ತದೆ, ಅದೊಂದು ಜಾಗಕ್ಕೆ ಯಾರೂ ಹೋಗುವುದಿಲ್ಲ. ಮಿಕ್ಕದ್ದೆಲ್ಲ ಓಡುತ್ತದೆ. ಕೂದಲಿನವಳನ್ನು ನಾನು ಮುದ್ದೆ, ಮೀನು ಬಡಿಸಿ ವಾಪಸು ಕಳಿಸಿದೆ.

ಈಗ ಅವನದೊಂದು ಹೊಸ ಕಾನೂನು. ಅವನ ಜೊತೆ ಆಡುವವರು ಟಿವಿಯ ಮೇಲೆ ನಾನು ಸೊಂಟಕ್ಕೆ ಸುತ್ತುವ ಚಿತೆಂಜೆ ಬಟ್ಟೆ ಹೊದಿಸಬೇಕು. "ನಂಗೂ ಕಾಣ್ಬಾರ್ದಾ ಮಾರಾಯಾ?" ಎಂದು ಸಂಗ್ವಾನಿ ಗೋಳಾಡಿದ. "ನನ್ನೂರಿಗೆ ಬಂದ್ಮೇಲೆ ನನ್ನ ಥರಾನೇ ನಡಿ" ಎಂದ ಖುಂಬೊ. ಅವನಿಗೆ ಕಣ್ಣಿಲ್ಲವೆಂಬ ಅನುಮಾನ ಎಲ್ಲರಿಗೂ ಖಚಿತವಾದದ್ದು ಹಾಗೆ. ಕೋಣೆಯಲ್ಲಿ ಅಷ್ಟು ಜನ ಉಸಿರು ಬಿಗಿಹಿಡಿದು ಬಟ್ಟೆಯ ಕಡೆಗೆ ಕಿವಿ ಕೊಟ್ಟು ಕೂತಿರುತ್ತಾರೆ. ಹೊರಗಿನಿಂದ ಬಂದವರಿಗೆ ಹುಚ್ಚರ ಹಾಗೆ ಕಾಣುತ್ತೇವೆ.

ಮುಖ್ಯವಾದದ್ದನ್ನು ಇನ್ನೂ ಬರೆದಿಲ್ಲ. ನಿನ್ನೆ ಮಧ್ಯಾಹ್ನ ಜನ ಕರಗಿದ ಮೇಲೆ ಖುಂಬೊ ಇನ್ನೊಂದು ಹಿಡಿಕೆಯನ್ನು ನನ್ನ ಕಡೆ ಚಾಚಿದ. "ಬಾ, ನೀನೂ ಕೂತ್ಕೋ." ಇಷ್ಟು ವರ್ಷ ಕೋಣೆ ನಡೆಸಿದೆ, ಬಾಡಿಗೆ ಎಣಿಸಿದೆ, ಜಗಳ ಬಿಡಿಸಿದೆ, ಒಂದು ದಿನ ಆಡಿದವಳಲ್ಲ. ಕೂತೆ. ಬಟ್ಟೆ ಹೊದಿಸಿತ್ತು, ಆದರೂ ಕಣ್ಣು ಮುಚ್ಚಿಕೊಂಡೆ.

ಮೊದಲು ಏನೂ ತಿಳಿಯಲಿಲ್ಲ. ಬರೀ ಗದ್ದಲ. ನನ್ನ ಅಜ್ಜಿ ಎಲ್ಲಿಗೆ ಹೋದಳೋ, ಯಾವುದಕ್ಕೆ ಢಿಕ್ಕಿ ಹೊಡೆದಳೋ. ಮನೆಯಲ್ಲಿ ಇವನು ಹೀಗೆಯೇ ಇರುತ್ತಾನಲ್ಲ ಎಂದು ಹೆದರಿಕೆಯಾಗಿ, ಅಲ್ಲೇ ನಿಂತುಬಿಟ್ಟೆ. ನಿಂತ ಮೇಲೆ ಕೇಳಿಸಿತು. ದೂರದಲ್ಲಿ, ಬಲಗಡೆ, ಅವನ ಕಮ್ಮಾರನ ಸರಪಳಿ. ಅದು ನಡೆದು ಬಂತು. ಬಲದಿಂದ ನಡುವಿಗೆ ಬಂತು, ನಡುವಿನಲ್ಲಿ ದೊಡ್ಡದಾಯಿತು. ಸುಜ್ಗೊ, ಈ ಎರಡು ವರ್ಷದಲ್ಲಿ ನಾನು ಅವನ ಕೈಹಿಡಿದು ನಡೆಸಿದ್ದೇನೆ, ಅವನು ನನ್ನ ಕಡೆಗೆ ತಾನಾಗಿ, ಹೆದರದೆ, ನೇರವಾಗಿ ನಡೆದು ಬಂದದ್ದು ಒಂದು ಸಲವೂ ಇಲ್ಲ. ಸರಪಳಿ ನನ್ನ ಎದುರಿಗೆ ಬಂದು ನಿಂತಿತು. ಹೊಡೆಯುತ್ತಾನೆ ಎಂದು ಕಾದೆ. ಹೊಡೆಯಲಿಲ್ಲ. ಅಲ್ಲೇ ನಿಂತಿದ್ದ.

"ಹೆದರ್ಬೇಡ, ನಾನಿಲ್ಲೇ ಇದೀನಿ" ಎಂದ.

ಮ್ವಿಜಾ